ಕುಮಾರ್ತೆಯರು ದಾಸತ್ವಕ್ಕೆ ಹೋಗುವ ದಾರಿ

ಈ ತಿಂಗಳ ಪಾಠಕ್ಕೆ ಮುಂಚೆ ನೆಹೆಮೀಯನ ಗ್ರಂಥದ ಐದನೆಯ ಅಧ್ಯಾಯವನ್ನು ಮನೆಯವರೆಲ್ಲರೂ ಕೂಡಿರುವಾಗ ಒಮ್ಮೆ ಗಟ್ಟಿಯಾಗಿ ಓದಿಕೊಳ್ಳಿರಿ. ಅಕ್ಷರ ಬಾರದವರಿಗೆ ಶಾಲೆಗೆ ಹೋಗುವ ಮಕ್ಕಳು ಓದಿ ಹೇಳಲಿ. ವಿಷಯವು ನಾಚಿಕೆಗೇಡಿನದೆಂದು ಹೆಣ್ಣುಮಕ್ಕಳನ್ನು ಹೊರಗೆ ಕಳುಹಿಸಿ ಓದಬೇಡಿರಿ. ಯಾಕಂದರೆ ಈ ಪಾಠವು ಎಲ್ಲರಿಗಿಂತ ಮೊದಲು ಅವರಿಗೇ ಸೇರಿದ್ದಾಗಿದೆ.

ಆ ಅಧ್ಯಾಯದಲ್ಲಿ ಬರಗಾಲವುಂಟು, ಅರಸನಿಗೆ ಕಟ್ಟತಕ್ಕ ಕಂದಾಯವುಂಟು, ಒತ್ತೆಯಿಟ್ಟ ಹೊಲಗಳುಂಟು. ಕಡೆಯಲ್ಲಿ ಮಕ್ಕಳನ್ನೇ ದಾಸತ್ವಕ್ಕೆ ಒಪ್ಪಿಸಬೇಕಾದ ತಂದೆತಾಯಿಗಳ ಗೋಳು ಉಂಟು. ಗಂಡುಮಕ್ಕಳೂ ಹೋಗಬೇಕಾಗಿತ್ತು, ಆದರೆ ಹೆಣ್ಣುಮಕ್ಕಳಲ್ಲಿ ಕೆಲವರು ಆಗಲೇ ಹೋಗಿಬಿಟ್ಟಿದ್ದರು. ನಾವು ಸೆಮಿನೆರಿಯಲ್ಲಿ ಓದುತ್ತಿದ್ದಾಗ ಇದನ್ನು ಪಟ್ಟಣದ ಗೋಡೆ ಕಟ್ಟುವ ಕಥೆಯ ನಡುವೆ ಬಂದ ಒಂದು ಚಿಕ್ಕ ಅಡ್ಡಿಯೆಂದೆಣಿಸಿ ದಾಟಿಬಿಟ್ಟೆವು. ಉಪದೇಶಿಯಾಗಿ ಹಳ್ಳಿಗಳನ್ನು ತಿರುಗಿದ ಮೇಲೆ ಗೋಡೆಗಿಂತಲೂ ಇದೇ ದೊಡ್ಡ ಸಂಗತಿಯೆಂದು ನಮಗೆ ಕಂಡಿತು. ನೆಹೆಮೀಯನು ಮಕ್ಕಳನ್ನು ಕಳುಹಿಸಿದ ಬಡವರನ್ನು ಗದರಿಸಲಿಲ್ಲ. ಸಾಲಕೊಟ್ಟವರನ್ನು ಕರೆಯಿಸಿ ಕೂಟದ ಮುಂದೆ ನಿಲ್ಲಿಸಿದನೆಂಬದನ್ನು ವಾಚಕರು ಗಮನಿಸಬೇಕು.

ಸಾಸಲು ಹೋಬಳಿಯ ಊರುಗಳಲ್ಲಿ ವಾಸಿಸುವವರಿಗೆ ಈ ನಂಟನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ಇಲ್ಲಿ ವರುಷವಿಡೀ ಹರಿಯುವ ಹೊಳೆ ಇಲ್ಲ. ಮಳೆ ಬಂದರೆ ರಾಗಿ, ಬಾರದಿದ್ದರೆ ಸಾಲ. ಆದಕಾರಣ ದೊಡ್ಡಬಳ್ಳಾಪುರದ ಮಗ್ಗಗಳಿಗೂ ಸಿದ್ಧ ಉಡುಪಿನ ಕಾರ್ಖಾನೆಗಳಿಗೂ ನಮ್ಮ ಹೆಣ್ಣುಮಕ್ಕಳು ಬುತ್ತಿ ಕಟ್ಟಿಕೊಂಡು ಮುಂಜಾನೆಯೇ ವ್ಯಾನು ಹತ್ತುತ್ತಾರೆ. ಆ ದುಡಿಮೆಯು ಮರ್ಯಾದೆಯದು. ಹೆಣ್ಣುಮಕ್ಕಳು ದುಡಿಯಲು ಹೋಗಕೂಡದೆಂದು ನಾವು ಹೇಳುವವರಲ್ಲ. ಹಾಗೆ ಹೇಳುವವರ ಮನೆಯಲ್ಲಿ ರಾಗಿ ತುಂಬಿರುವದನ್ನು ನಾವು ಬಹಳ ಸಾರಿ ಕಂಡಿದ್ದೇವೆ. ಆದರೆ ಕೆಲಸಕ್ಕೆಂದು ಹೋಗುವ ದಾರಿಯೂ ದಾಸತ್ವಕ್ಕೆ ಹೋಗುವ ದಾರಿಯೂ ಊರ ಬಾಗಿಲಿನಿಂದ ಸ್ವಲ್ಪ ದೂರದ ವರೆಗೆ ಒಂದೇ ಆಗಿವೆ. ಎಲ್ಲಿ ಕವಲೊಡೆಯುತ್ತದೆಂಬದನ್ನು ತಿಳಿಯುವದೇ ಈ ಪಾಠ.

ಮನುಷ್ಯರ ಸಾಗಾಟವೆಂದರೇನು? ಗಡಿ ದಾಟಿಸುವದೇ ಸಾಗಾಟವೆಂದು ಅನೇಕರು ನೆನಸುತ್ತಾರೆ. ಅದು ತಪ್ಪು. ೨೦೦೦ದಲ್ಲಿ ವಿಶ್ವಸಂಸ್ಥೆಯು ಒಪ್ಪಿಕೊಂಡ ಒಡಂಬಡಿಕೆಯಲ್ಲಿ, ಭಾರತವೂ ೨೦೧೧ರಲ್ಲಿ ಸ್ಥಿರಪಡಿಸಿದ ಆ ಒಡಂಬಡಿಕೆಯಲ್ಲಿ, ಮೂರು ಸಂಗತಿಗಳು ಹೇಳಲ್ಪಟ್ಟಿವೆ: ಮೊದಲು ಕೃತ್ಯ, ಅಂದರೆ ಒಬ್ಬರನ್ನು ಸೇರಿಸುವದು, ಸಾಗಿಸುವದು, ಅಡಗಿಸುವದು, ವಶಕ್ಕೆ ತೆಗೆದುಕೊಳ್ಳುವದು, ಎರಡನೆಯದು ಉಪಾಯ, ಅಂದರೆ ಬಲಾತ್ಕಾರ, ಮೋಸ, ಬಡತನದ ದುರುಪಯೋಗ, ಅಥವಾ ಹಿರಿಯರಿಗೆ ಹಣ ಕೊಟ್ಟು ಒಪ್ಪಿಸುವದು, ಮೂರನೆಯದು ಸುಲಿದುಕೊಳ್ಳುವ ಉದ್ದೇಶ. ಹದಿನೆಂಟು ತುಂಬದ ಮಗುವಾದರೆ ಎರಡನೆಯದನ್ನು ತೋರಿಸಲೇಬೇಕಾಗಿಲ್ಲ. ಪಕ್ಕದ ಬೀದಿಯ ಮನೆಗೆ ಒಯ್ದರೂ ಅದು ಸಾಗಾಟವೇ. ೧೯೫೦ರಲ್ಲಿ ಜಾರಿಗೆ ಬಂದ ನಮ್ಮ ದೇಶದ ಸಂವಿಧಾನವು ತನ್ನ ೨೩ನೆಯ ವಿಧಿಯಲ್ಲಿ ಮನುಷ್ಯರ ವ್ಯಾಪಾರವನ್ನೂ ಬಿಟ್ಟಿ ದುಡಿಮೆಯನ್ನೂ ಒಂದೇ ಉಸಿರಿನಲ್ಲಿ ನಿಷೇಧಿಸಿತು. ಬಿಟ್ಟಿಯೆಂಬ ಮಾತಿನ ಭಾರವನ್ನು ನಮ್ಮ ಅಜ್ಜಂದಿರು ಬಲ್ಲರು.

ಈಗ ನಮ್ಮ ನಾಡಿನ ಸಂಗತಿ. ಕನ್ನಡ ನಾಡಿನಲ್ಲಿ ಈ ವ್ಯಾಪಾರದ ಅತಿ ಹಳೆಯ ಬಾಗಿಲು ದೇವದಾಸಿ ಪದ್ಧತಿ. ಎಳೆಯ ಹುಡುಗಿಗೆ ಮುತ್ತು ಕಟ್ಟಿ ದೇವರ ಹೆಸರಿಗೆ ಬಿಡುವದು; ಅನಂತರ ಆಕೆಗೆ ಮದುವೆಯಿಲ್ಲ, ಆಕೆಯ ಮಕ್ಕಳಿಗೆ ತಂದೆಯ ಹೆಸರಿಲ್ಲ. ಹೀಗೆ ಬಿಡಲ್ಪಟ್ಟವರು ಬಹುಮಟ್ಟಿಗೆ ದಲಿತ ಕುಟುಂಬಗಳವರು. ಇವರಲ್ಲಿ ಅನೇಕರನ್ನು ಬೆಳಗಾವಿ, ಬಾಗಲಕೋಟೆ ಮುಂತಾದ ಸೀಮೆಗಳಿಂದ ಸಾಂಗ್ಲಿ, ಪುಣೆ, ಮುಂಬಯಿಗಳ ಬೀದಿಗಳಿಗೆ ಸಾಗಿಸಿದರು. ಕಾಯಿದೆ ಇರಲಿಲ್ಲವೋ? ಇತ್ತು. ಮೈಸೂರು ಸರಕಾರವು ೧೯೦೯ರಲ್ಲಿಯೇ ತನ್ನ ಅಧೀನದ ದೇವಸ್ಥಾನಗಳಲ್ಲಿ ಆ ಸೇವೆಯನ್ನು ನಿಲ್ಲಿಸಿತು. ಮುಂಬಯಿ ಪ್ರಾಂತದಲ್ಲಿ ೧೯೩೪ರಲ್ಲಿಯೂ, ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರ ಬಹುಕಾಲದ ಹೋರಾಟದ ಮೇಲೆ ಮದ್ರಾಸು ಪ್ರಾಂತದಲ್ಲಿ ೧೯೪೭ರಲ್ಲಿಯೂ ಕಾಯಿದೆಗಳಾದವು. ಇವೆಲ್ಲವುಗಳ ಮೇಲೆ ಕರ್ನಾಟಕವು ೧೯೮೨ರಲ್ಲಿ ಮುತ್ತು ಕಟ್ಟುವದನ್ನು ಅಪರಾಧವೆಂದು ನಿರ್ಣಯಿಸಿತು. ಆದಾಗ್ಯೂ ೧೯೯೩-೯೪ರಲ್ಲಿ ಸರಕಾರವು ಎಣಿಸಿದಾಗ ೨೨,೮೭೩ ಮಂದಿ ಸಿಕ್ಕಿದರು. ೨೦೦೭-೦೮ರಲ್ಲಿ ಮತ್ತೆ ಎಣಿಸಲಾಗಿ ಆ ಲೆಕ್ಕವು ೪೬ ಸಾವಿರವನ್ನು ದಾಟಿತು. ಎರಡನೆಯ ಸಾರಿ ಸಿಕ್ಕಿದವರು ಎಲ್ಲರೂ ಹೊಸಬರಲ್ಲ. ಮೊದಲ ಸಾರಿ ಯಾರೂ ಅವರ ಬಾಗಿಲಿಗೆ ಹೋಗಿರಲಿಲ್ಲ, ಅಥವಾ ಅವರೇ ಅಂಜಿ ಹೆಸರು ಹೇಳಿರಲಿಲ್ಲ.

ಇದನ್ನು ಓದಿ, ಇದು ಅನ್ಯರ ಗುಡಿಯ ಪಾಪ, ನಮಗೇನು, ಎಂದು ಯಾರಾದರೂ ಹೇಳಿಕೊಂಡರೆ ಅವರು ದಂಡಿನ ಚರಿತ್ರೆಯನ್ನೂ ಕೇಳಬೇಕು. ಬೆಂಗಳೂರಿನ ಕಂಟೋನ್ಮೆಂಟಿನಂಥ ದಂಡುಗಳು ದೇಶದಲ್ಲಿ ಬಹಳವಿದ್ದವು. ೧೮೬೮ರ ಕಾಯಿದೆಯ ಮೂಲಕ ಸರಕಾರವೇ ಸ್ತ್ರೀಯರ ಹೆಸರುಗಳನ್ನು ಪುಸ್ತಕದಲ್ಲಿ ಬರೆದು, ಅವರ ದೇಹವನ್ನು ಬಲವಂತದಿಂದ ಪರೀಕ್ಷೆ ಮಾಡಿಸಿ, ಬೇನೆ ಕಂಡವರನ್ನು ಆಸ್ಪತ್ರೆಯಲ್ಲಿ ಕೂಡಿಹಾಕುತ್ತಿತ್ತು. ಇದೆಲ್ಲಾ ಸಿಪಾಯಿಗಳ ಆರೋಗ್ಯದ ನಿಮಿತ್ತ. ಆ ಸಿಪಾಯಿಗಳು ಆದಿತ್ಯವಾರ ಸಾಲುಗಟ್ಟಿ ದೇವಾಲಯಕ್ಕೆ ನಡೆದುಹೋಗುತ್ತಿದ್ದವರು. ಅವರನ್ನು ಯಾರೂ ಪರೀಕ್ಷಿಸಲಿಲ್ಲ, ಅವರ ಹೆಸರನ್ನು ಯಾವ ಪುಸ್ತಕದಲ್ಲಿಯೂ ಬರೆಯಲಿಲ್ಲ. ಇಂಗ್ಲೆಂಡಿನಲ್ಲಿ ಜೋಸೆಫಿನ್ ಬಟ್ಲರ್ ಎಂಬ ಸಭಾಪಾಲಕರ ಪತ್ನಿಯು ಇದಕ್ಕೆ ವಿರೋಧವಾಗಿ ವರುಷಗಟ್ಟಲೆ ಹೋರಾಡಿದಳು; ೧೮೮೮ರಲ್ಲಿ ಇಂಡಿಯಾದ ಆ ಕಾಯಿದೆಯು ರದ್ದಾಯಿತು.

ನಮ್ಮ ಭಾಷೆಯಲ್ಲಿಯೂ ಇದೇ ವಕ್ರತೆ ಇದೆ. ಮಾರಲ್ಪಟ್ಟವಳಿಗೆ ಬೈಗಳ ಹೆಸರುಗಳು ಎಷ್ಟೋ ಇವೆ. ತಂದುಕೊಟ್ಟವರಿಗೂ ತಲೆಹಿಡುಕನೆಂದೂ ಕುಂಟಣಿಯೆಂದೂ ಹೆಸರುಂಟು. ಕೊಂಡವನಿಗೆ? ವಿಟನೆಂಬ ಮಾತು ಕಾವ್ಯಗಳಲ್ಲಿದೆ; ಆದರೆ ಬೀದಿಜಗಳದಲ್ಲಿ ಯಾರಾದರೂ ಯಾರನ್ನಾದರೂ ಹಾಗೆ ಬೈದದ್ದನ್ನು ನಾವು ಈ ನಾಲ್ವತ್ತು ವರುಷಗಳಲ್ಲಿ ಕೇಳಿಲ್ಲ. ಕೊಳ್ಳುವವರಿಲ್ಲದೆ ಸಂತೆ ಕೂಡುವದಿಲ್ಲ. ಲಾರಿ ನಡಿಸುವ, ಕಟ್ಟಡದ ಕೆಲಸಕ್ಕೆ ದೂರ ಹೋಗುವ ನಮ್ಮ ಯೌವನಸ್ಥರಿಗೆ ಈ ಮಾತನ್ನು ತಾಯಂದಿರು ಹೇಳಲು ನಾಚಿದರೆ ತಂದೆಗಳು ಹೇಳಲಿ.

ಆದರೆ ಗುಡಿಯ ಮತ್ತು ದಂಡಿನ ಸಂಗತಿಗಳನ್ನು ಹೇಳಿ ನಮ್ಮದನ್ನು ಮುಚ್ಚಿಡುವದು ನ್ಯಾಯವಲ್ಲ. ಆದದರಿಂದ ನಮ್ಮ ಸ್ವಂತ ತಪ್ಪನ್ನು ಇಲ್ಲಿ ಬರೆಯುತ್ತೇವೆ.

ಸುಮಾರು ಹನ್ನೆರಡು ವರುಷಗಳ ಹಿಂದೆ ನಾವು ಬೇರೊಂದು ಸಭೆಯಲ್ಲಿ ಉಪದೇಶಿಯಾಗಿದ್ದೆವು. ಅಲ್ಲಿ ಒಬ್ಬ ವಿಧವೆಗೆ ಹದಿನಾರು ವರುಷದ ಮಗಳಿದ್ದಳು. ಬೆಳೆಹಬ್ಬದ ಕಾಲದಲ್ಲಿ ಒಬ್ಬ ಸ್ತ್ರೀ ಬಂದಳು. ಸಭೆಯ ಒಂದು ಮನೆಯವರಿಗೆ ದೂರದ ಸಂಬಂಧಿ. ಕೀರ್ತನೆಗಳನ್ನು ಪುಸ್ತಕ ನೋಡದೆ ಹಾಡಿದಳು, ಕಾಣಿಕೆಯ ತಟ್ಟೆಗೆ ಐನೂರರ ನೋಟು ಹಾಕಿದಳು. ದೂರದ ಪಟ್ಟಣದ ಆಸ್ಪತ್ರೆಯೊಂದರಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಕೆಲಸ, ಊಟ ವಸತಿ ಪುಕ್ಕಟೆ, ಎಂದು ಹೇಳಿ ವಿಧವೆಯ ಕೈಗೆ ಹತ್ತು ಸಾವಿರ ರೂಪಾಯಿ ಮುಂಗಡ ಕೊಟ್ಟಳು. ಆ ಹಣವು ಅದೇ ಸಾಯಂಕಾಲ ಸಾಲಕೊಟ್ಟವನ ಮನೆಗೆ ಹೋಯಿತು. ಹುಡುಗಿಯ ಸೋದರಮಾವನು ಮಾತ್ರ ಒಪ್ಪಲಿಲ್ಲ. ಅವನು ಕುಡಿಯುವವನಾಗಿದ್ದದರಿಂದ ಅವನ ಮಾತಿಗೆ ಬೆಲೆಯಿರಲಿಲ್ಲ. ಅವನ ಬಾಯಿ ಮುಚ್ಚಿಸುವದಕ್ಕೆ ನಮ್ಮಿಂದ ಒಂದು ಗುಣಪತ್ರವನ್ನು ಕೇಳಿದರು. ಹುಡುಗಿಯು ಸನ್ನಡತೆಯವಳೆಂದೂ, ಕರಕೊಂಡು ಹೋಗುವ ಸ್ತ್ರೀಯು ನಮಗೆ ಪರಿಚಿತಳೆಂದೂ ನಾವು ಬರೆದು ಸಭೆಯ ಮೊಹರನ್ನು ಒತ್ತಿದೆವು. ಪರಿಚಯವು ಎರಡು ಆದಿತ್ಯವಾರಗಳದ್ದು.

ಆಸ್ಪತ್ರೆಯೂ ಇಲ್ಲ, ಕೆಲಸವೂ ಇಲ್ಲ. ರೈಲು ನಿಲ್ದಾಣವೊಂದರಲ್ಲಿ ಒಬ್ಬ ಪೊಲೀಸಿನವನು ಸಂಶಯಪಟ್ಟು ನಿಲ್ಲಿಸಿ ಕೇಳಿದಾಗ ಆ ಸ್ತ್ರೀಯು ನಮ್ಮ ಕಾಗದವನ್ನೇ ತೆಗೆದು ತೋರಿಸಿದಳಂತೆ. ಮೊಹರನ್ನು ನೋಡಿ ಅವನು ಬಿಟ್ಟನು. ನಾಲ್ಕು ವರುಷಗಳ ಮೇಲೆ ಬೇರೆ ರಾಜ್ಯದ ಒಂದು ಮನೆಯಲ್ಲಿ ಪೊಲೀಸರು ಶೋಧನೆ ಮಾಡಿದಾಗ ಸಿಕ್ಕಿದವರಲ್ಲಿ ನಮ್ಮ ಹುಡುಗಿಯೂ ಇದ್ದಳು.

ಆದಕಾರಣ ಕವಲೊಡೆಯುವ ಸ್ಥಳ ಯಾವದೆಂದು ನಮಗೆ ಪುಸ್ತಕದಿಂದಲ್ಲ, ಆ ಕಾಗದದಿಂದಲೇ ತಿಳಿದಿದೆ. ಕಳ್ಳನು ಕಳ್ಳನ ಹಾಗೆ ಬರುವದಿಲ್ಲ. ನೆಂಟಳಾಗಿ, ಒಕ್ಕಲಾಗಿ, ಮೊದಲು ಹೋಗಿ ಒಳ್ಳೇ ಸೀರೆ ಉಟ್ಟು ಬಂದ ಗೆಳತಿಯಾಗಿ ಬರುತ್ತಾನೆ. ಈಗ ಫೋನಿನಲ್ಲಿ ಪ್ರೀತಿಯ ಮಾತಾಡುವ ಕಾಣದ ಹುಡುಗನಾಗಿಯೂ ಬರುತ್ತಾನೆ. ಮತ್ತೊಂದು ವೇಷವುಂಟು: ವರದಕ್ಷಿಣೆ ಬೇಡ, ಮದುವೆಯ ಖರ್ಚು ನಮ್ಮದೇ, ಎಂದು ಹೇಳುವ ದೂರದ ರಾಜ್ಯದ ವರ. ಹೆಣ್ಣು ಹೆತ್ತವರಿಗೆ ಅಂಥ ಮಾತು ಎಷ್ಟು ಸಿಹಿಯೆಂಬದು ನಮಗೆ ಗೊತ್ತಿದೆ. ಆದರೆ ಗಂಡಿನ ಊರನ್ನು ಕಣ್ಣಾರೆ ನೋಡದೆ, ಅವನ ತಂದೆತಾಯಿಗಳ ಸಂಗಡ ಕೂತು ಮಾತಾಡದೆ, ವಾರದೊಳಗೆ ಮುಗಿಯುವ ಮದುವೆಯಲ್ಲಿ ಯಾವನೋ ಮಧ್ಯಸ್ಥನು ಹಣ ಎಣಿಸುತ್ತಿದ್ದಾನೆ.

ಎಲ್ಲಾ ವೇಷಗಳಲ್ಲಿಯೂ ಮೂರು ಗುರುತುಗಳು ಸಾಮಾನ್ಯವಾಗಿ ಇರುತ್ತವೆ: ಕೆಲಸ ಆರಂಭಿಸುವ ಮೊದಲೇ ಮನೆಯವರ ಕೈಗೆ ಹಣ, ಹೊರಡಲು ಅವಸರ, ಹೋಗುವ ಸ್ಥಳದ ಹೆಸರಿನಲ್ಲಿ ಅಸ್ಪಷ್ಟತೆ. ದೊಡ್ಡ ಪಟ್ಟಣದ ಹೆಸರು ಹೇಳಿ ಬೀದಿಯ ಹೆಸರು ಹೇಳದವರ ಸಂಗಡ ಮಗಳನ್ನು ಕಳುಹಿಸಬೇಡಿರಿ. ಕೆಲಸ ಕೊಡುವವರ ಫೋನಿಗೆ ನೀವೇ ಮಾತಾಡಿರಿ. ಮೊದಲು ಹೋದವರಲ್ಲಿ ಒಬ್ಬರ ಹೆಸರು ಕೇಳಿ ಅವರ ಮನೆಗೆ ಹೋಗಿ ಬನ್ನಿರಿ. ಹುಡುಗಿಯ ಆಧಾರ್ ಕಾರ್ಡು ಮುಂತಾದ ಕಾಗದಗಳು ಅವಳ ಕೈಯಲ್ಲಿಯೇ ಇರಲಿ, ಕರಕೊಂಡು ಹೋಗುವವರ ಚೀಲದಲ್ಲಿ ಬೇಡ. ಮುಂಗಡ ಕೊಟ್ಟರೆ ತಿರುಗಿ ಕೊಡಿರಿ. ಇದು ಹೇಳುವಷ್ಟು ಸುಲಭವಲ್ಲವೆಂದು ಬಲ್ಲೆವು. ಆ ವಿಧವೆಯು ಹತ್ತು ಸಾವಿರವನ್ನು ಹೇಗೆ ತಿರುಗಿ ಕೊಡಬಹುದಾಗಿತ್ತು? ಇಲ್ಲಿಯೇ ನೆಹೆಮೀಯನ ಪಾಠವಿದೆ. ಅವಳ ಸಾಲವು ಸಭೆಯಲ್ಲಿ ಎಲ್ಲರಿಗೂ ತಿಳಿದಿತ್ತು. ಸ್ತ್ರೀಸಂಘದ ಪೆಟ್ಟಿಗೆಯಲ್ಲಿ ಆ ವರುಷ ಹಣವಿತ್ತು. ಆ ಹಣದಿಂದ ನಾವು ದೇವಾಲಯಕ್ಕೆ ಧ್ವನಿವರ್ಧಕವನ್ನು ಕೊಂಡೆವು.

ಇನ್ನು ಹುಡುಗಿ ಕಾಣೆಯಾದರೆ ಮಾಡತಕ್ಕದ್ದು. ಮಾನಕ್ಕೆ ಅಂಜಿ ಒಂದು ವಾರ ಕಾಯುವದೇ ನಮ್ಮವರ ದೊಡ್ಡ ತಪ್ಪು. ಮೊದಲ ದಿನವೇ ಠಾಣೆಗೆ ಹೋಗಿರಿ. ಇದು ನಮ್ಮ ಸರಹದ್ದಲ್ಲವೆಂದು ಹೇಳಿ ಕಳುಹಿಸುವ ಹಾಗಿಲ್ಲ. ಈಗಿನ ಕಾಯಿದೆಯ ಪ್ರಕಾರ ಯಾವ ಠಾಣೆಯಲ್ಲಿಯಾದರೂ ದೂರು ದಾಖಲಾಗತಕ್ಕದ್ದು. ಕಾಣೆಯಾದದ್ದು ಮಗುವಾದರೆ ಪ್ರಥಮ ವರ್ತಮಾನ ವರದಿಯನ್ನು ಬರೆದುಕೊಳ್ಳಲೇಬೇಕೆಂದು ಸರ್ವೋಚ್ಚ ನ್ಯಾಯಾಲಯವು ೨೦೧೩ರಲ್ಲಿ ಆಜ್ಞಾಪಿಸಿದೆ. ಮಕ್ಕಳ ವಿಷಯದಲ್ಲಿ ೧೦೯೮, ಸ್ತ್ರೀಯರ ವಿಷಯದಲ್ಲಿ ೧೮೧, ಯಾವದೇ ಅಪಾಯದಲ್ಲಿ ೧೧೨: ಈ ಮೂರು ಅಂಕೆಗಳನ್ನು ಮನೆಯ ಗೋಡೆಯ ಮೇಲೆ ಇದ್ದಲಿನಿಂದ ಬರೆದಿಟ್ಟರೂ ಸಾಕು. ವಕೀಲರಿಗೆ ಕೊಡಲು ಹಣವಿಲ್ಲದ ಸ್ತ್ರೀಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವು ಪುಕ್ಕಟೆಯಾಗಿ ವಕೀಲರನ್ನು ಕೊಡುತ್ತದೆ.

ಶಿಕ್ಷೆಯ ವಿಷಯವನ್ನು ಸಂಕ್ಷೇಪವಾಗಿ ಹೇಳುತ್ತೇವೆ. ೨೦೨೪ರ ಜುಲೈ ಒಂದರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ೧೪೩ನೆಯ ಕಲಮಿನ ಮೇರೆಗೆ ಸಾಗಾಟಕ್ಕೆ ಏಳು ವರುಷಕ್ಕೆ ಕಡಮೆಯಿಲ್ಲದ ಸೆರೆ. ಮಗುವನ್ನು ಸಾಗಿಸಿದರೆ ಹತ್ತು ವರುಷಕ್ಕೆ ಕಡಮೆಯಿಲ್ಲ, ಜೀವಾವಧಿಯ ವರೆಗೂ ಆಗಬಹುದು. ಅವಳೇ ಒಪ್ಪಿ ಬಂದಳೆಂಬ ಮಾತು ಅಪರಾಧಿಯನ್ನು ಬಿಡಿಸುವದಿಲ್ಲ. ಈ ವ್ಯಾಪಾರಕ್ಕೆಂದೇ ೧೯೫೬ರಲ್ಲಿ ಆದ ಪ್ರತ್ಯೇಕ ಕಾಯಿದೆಯೂ ಉಂಟು. ಆದರೆ ಅದರಲ್ಲಿ ಬೀದಿಯಲ್ಲಿ ನಿಂತು ಕರೆದವಳಿಗೂ ದಂಡನೆಯಿರುವದರಿಂದ ಹಿಡಿಯಲು ಸುಲಭವಾಗಿ ಸಿಕ್ಕುವವಳು ಬಡವಳೇ. ಇಂಥ ಸ್ತ್ರೀಯರನ್ನು ಪೊಲೀಸರು ಮರ್ಯಾದೆಯಿಂದ ನಡಿಸಿಕೊಳ್ಳಬೇಕೆಂದು ೨೦೨೨ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಬೇಕಾಗಿ ಬಂತು.

ಪೊಲೀಸರ ವಿಷಯ ಹಾಗಿರಲಿ, ಸಭೆಯವರು ಹೇಗೆ ನಡಿಸಿಕೊಂಡರು? ಹುಡುಗಿಯು ತಿರುಗಿ ಬಂದಾಗ ತಾಯಿಯ ಹೊರತು ಯಾರೂ ಅವಳ ಮನೆಗೆ ಕಾಲಿಡಲಿಲ್ಲ. ಅವಳು ದೇವಾಲಯದಲ್ಲಿ ಬಾಗಿಲ ಬಳಿಯಲ್ಲಿ ಕೂತರೆ ಮುಂದಿನ ಸಾಲಿನವರು ತಮ್ಮ ಮಕ್ಕಳನ್ನು ಎಳೆದುಕೊಂಡರು. ಅವಳು ಸಭೆಯ ಮುಂದೆ ಪಾಪವನ್ನು ಅರಿಕೆಮಾಡದೆ ಕರ್ತನ ಭೋಜನಕ್ಕೆ ಸೇರಕೂಡದೆಂದು ಹಿರಿಯರಲ್ಲಿ ಕೆಲವರು ಹೇಳಿದರು. ಅವರು ದುಷ್ಟರಲ್ಲ, ಉಳಿದ ಹೆಣ್ಣುಮಕ್ಕಳಿಗೆ ಗಂಡು ಸಿಕ್ಕುವದಿಲ್ಲವೆಂದು ಅಂಜಿದವರು. ನಾವು ಎರಡು ತಿಂಗಳು ಏನನ್ನೂ ನಿರ್ಣಯಿಸದೆ ತಳ್ಳುತ್ತಾ ಬಂದೆವು. ಕಡೆಗೆ ಆ ಮಾತನ್ನು ಅವಳಿಗೆ ತಿಳಿಸಲು ನಾವೇ ಹೋದೆವು. ಅವಳು ಅಕ್ಕಿ ಆರಿಸುತ್ತಿದ್ದಳು. ತಲೆಯೆತ್ತದೆ, ಕಾಗದ ಬರೆದವರೂ ಅರಿಕೆ ಮಾಡುತ್ತಾರೋ ಐಗಳೇ, ಎಂದು ಕೇಳಿದಳು.

ಫಿಲಿಪ್ಪಿಯ ಪಟ್ಟಣದಲ್ಲಿ ಕಣಿಹೇಳುತ್ತಿದ್ದ ದಾಸಿಯ ಕಥೆಯನ್ನು ನಾವು ಎಷ್ಟೋ ಸಾರಿ ಪ್ರಸಂಗಿಸಿದ್ದೆವು. ಅವಳ ಬಿಡುಗಡೆಯಿಂದ ಯಜಮಾನರ ಲಾಭ ನಿಂತು ಅವರು ಕೋಪಗೊಂಡದ್ದನ್ನೂ, ಪೌಲ ಸೀಲರು ಸೆರೆಗೆ ಹೋದದ್ದನ್ನೂ ವಿಸ್ತಾರವಾಗಿ ಹೇಳುತ್ತಿದ್ದೆವು. ಆ ಹುಡುಗಿ ಆಮೇಲೆ ಏನಾದಳೆಂದು ನಮಗೆ ಒಂದು ದಿನವೂ ತೋಚಿರಲಿಲ್ಲ. ಅವಳನ್ನು ಆ ಊರಿನಲ್ಲಿ ಯಾರು ಮನೆಗೆ ಸೇರಿಸಿದರು?

ಮುಂದಿನ ಆದಿತ್ಯವಾರ ಸಭೆಯ ಮುಂದೆ ಅರಿಕೆಮಾಡಿದವರು ನಾವು. ಎಲ್ಲರೂ ಮೆಚ್ಚಲಿಲ್ಲ; ಎರಡು ಮನೆಗಳವರು ಬಹುಕಾಲ ನಮ್ಮ ಸಂಗಡ ಮಾತಾಡಲಿಲ್ಲ. ಆದರೆ ಒಬ್ಬ ಮುದುಕಿಯು ತನ್ನ ಸ್ಥಳವನ್ನು ಬಿಟ್ಟೆದ್ದು, ಕೋಲು ಊರಿಕೊಂಡು ಬಾಗಿಲ ತನಕ ನಡೆದು ಹುಡುಗಿಯ ಪಕ್ಕದಲ್ಲಿ ಕೂತಳು.

ತಿರುಗಿ ಬಂದವರು ಬರೀ ಕನಿಕರಕ್ಕೆ ಪಾತ್ರರೆಂದು ನೆನಸಬೇಡಿರಿ. ಬೆಳಗಾವಿ ಸೀಮೆಯ ಸೀತವ್ವ ಜೋಡಟ್ಟಿಯವರು ಏಳನೆಯ ವರುಷದಲ್ಲಿ ದೇವದಾಸಿಯಾಗಿ ಬಿಡಲ್ಪಟ್ಟವರು. ಅವರು ತಮ್ಮಂಥ ಸ್ತ್ರೀಯರೇ ನಡಿಸುವ ಸಂಸ್ಥೆಗೆ ಮುಖ್ಯಸ್ಥರಾಗಿ, ಮುತ್ತು ಕಟ್ಟುವದನ್ನು ತಡೆಯುತ್ತಾ ಬಂದರು. ೨೦೧೮ರಲ್ಲಿ ಸರಕಾರವು ಅವರಿಗೆ ಪದ್ಮಶ್ರೀ ಕೊಟ್ಟಿತು. ಮೈಸೂರಿನಲ್ಲಿ ಸ್ಟ್ಯಾನ್ಲಿ, ಪರಶುರಾಮ್ ಎಂಬಿಬ್ಬರು ಸ್ಥಾಪಿಸಿದ ಒಡನಾಡಿ ಸೇವಾ ಸಂಸ್ಥೆಯು ಮಾರಲ್ಪಟ್ಟ ಹುಡುಗಿಯರನ್ನು ಬಿಡಿಸಿ ತಂದು ಓದಿಸುತ್ತದೆ. ಇದಕ್ಕೆ ಬಹಳ ಮುಂಚೆ, ೧೮೯೫ರಲ್ಲಿ ಬೆಂಗಳೂರಿಗೆ ಬಂದಿಳಿದ ಏಮಿ ಕಾರ್ಮೈಕಲ್ ಎಂಬ ಮಿಷನೆರಿಯು ತಿರುನೆಲ್ವೇಲಿ ಸೀಮೆಗೆ ಹೋಗಿ, ೧೯೦೧ರಲ್ಲಿ ದೇವಸ್ಥಾನದಿಂದ ಓಡಿಬಂದ ಒಬ್ಬ ಚಿಕ್ಕ ಹುಡುಗಿಯನ್ನು ಸೇರಿಸಿಕೊಂಡಳು. ದೋನಾವೂರಿನ ಮಕ್ಕಳ ಮನೆಯು ಆ ಒಬ್ಬಳಿಂದ ಆರಂಭವಾಯಿತು.

ಈಗ ನಾವಿರುವ ಸಭೆಯಲ್ಲಿ ಒಂದು ನೋಟುಪುಸ್ತಕವನ್ನಿಟ್ಟಿದ್ದೇವೆ. ಊರು ಬಿಟ್ಟು ಕೆಲಸಕ್ಕೆ ಹೋಗುವ ಗಂಡುಹೆಣ್ಣುಗಳೆಲ್ಲರ ಹೆಸರು, ಕೆಲಸ ಕೊಟ್ಟವರ ವಿಳಾಸ, ಕರಕೊಂಡು ಹೋದವರ ಹೆಸರು, ಎರಡು ಫೋನು ನಂಬ್ರಗಳು ಅದರಲ್ಲಿರುತ್ತವೆ. ಗುಣಪತ್ರ ಕೇಳುವವರಿಗೆ ಮೊದಲು ಈ ಪುಸ್ತಕವನ್ನು ತೋರಿಸುತ್ತೇವೆ. ಇದನ್ನು ನೋಡಿ ಗುಣಪತ್ರವೇ ಬೇಡವೆಂದು ಎದ್ದುಹೋದವರು ಇಬ್ಬರು. ತಿಂಗಳ ಮೊದಲನೆಯ ಆದಿತ್ಯವಾರ ಸ್ತ್ರೀಸಂಘದವರು ಪ್ರತಿಯೊಂದು ಹೆಸರಿಗೂ ಫೋನು ಮಾಡುತ್ತಾರೆ. ಕಳೆದ ತಿಂಗಳು ಒಬ್ಬ ಹುಡುಗಿಯು ಮೂರು ದಿನ ಫೋನು ಎತ್ತಲಿಲ್ಲ. ಇಬ್ಬರು ಹಿರಿಯರು ಬಸ್ಸು ಹತ್ತಿ ಪುಸ್ತಕದಲ್ಲಿದ್ದ ವಿಳಾಸಕ್ಕೆ ಹೋದರು. ಅವಳು ರಾತ್ರಿಯ ಪಾಳಿ ಮುಗಿಸಿ ನಿದ್ರೆಮಾಡುತ್ತಿದ್ದಳು. ಫೋನು ನೀರಿಗೆ ಬಿದ್ದು ಕೆಟ್ಟಿತ್ತು. ಸಂಗಾತಿಯರ ಮುಂದೆ ತನ್ನನ್ನು ಚಿಕ್ಕ ಮಗುವಿನಂತೆ ಹುಡುಕಿಕೊಂಡು ಬಂದಿರೆಂದು ಬಹಳ ಸಿಟ್ಟಾದಳಂತೆ. ಹಿರಿಯರು ಅವಳು ಬಡಿಸಿದ ಊಟವನ್ನು ಮಾಡಿ ಸಾಯಂಕಾಲದ ಬಸ್ಸಿಗೆ ಹಿಂತಿರುಗಿದರು.